ವೀರಮ್ಮ ಹಿಡಿದ ಕೊಳಗ

ಕೌದಳ್ಳಿಯ ವೀರಮ್ಮ ಸೇಡು ಮರೆಯುವ ಹೆಂಗಸಲ್ಲ. ಮರೆಯುವಂಥ ಸೇಡೂ ಅದಲ್ಲ ಬಿಡಿ.

ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಅವಳ ಗಂಡ ಪುಟ್ಟಮಾದಪ್ಪನ ಮುಖ, ಕಾಲು ಊದಿಕೊಂಡವು. ಇರುಳೆಲ್ಲ ಕಾಲಲ್ಲಿ ಇರುವೆ ಹರಿದಂತಾಗಿ ರೆಪ್ಪೆಗೆ ರೆಪ್ಪೆ ಅಂಟುತ್ತಿರಲಿಲ್ಲ, ಹಗಲು ಕುಂತಲ್ಲೇ ತೂಗುತ್ತಿದ್ದ. ಕೊಳ್ಳೇಗಾಲದ ಡಾಕ್ಟರು, "ಮೂತ್ರಪಿಂಡ ಕೆಟ್ಟಿದೆಯಮ್ಮ, ನಿದ್ದೆ ಕೆಡೋದೂ ಅದರಿಂದಲೇ. ಉಪ್ಪು ಬಿಡಿಸು" ಎಂದರು. ಮನೆಯ ಯಜಮಾನ, ಅವಳ ಬಾವ ಕೆಂಪನಂಜಪ್ಪ, ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ಸುಗ್ಗಿಯಲ್ಲಿ ಪುಟ್ಟಮಾದಪ್ಪ ರಾಗಿಯ ರಾಶಿ ಅಳೆಯಲು ಕುಂತ. ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎಂದು ಕೂಗುವುದು ರೂಢಿ. ಕೂಗುವ ಮೊದಲೇ ಅವನು ತೂಕಡಿಸಿದ. ರಾಶಿಯ ಮುಂದೆ ನಿದ್ದೆ ಮಾಡಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆಂಬುದು ಆ ಮನೆಯ ನಂಬಿಕೆ. ಕೆಂಪನಂಜಪ್ಪ ಕೊಳಗ ಕಿತ್ತುಕೊಂಡು, "ತಿಂದು ಮಲಗೋ ಸೋಮಾರಿ! ಈ ನಿದ್ದೆಬಡುಕನ ಕೈಗೆ ಇನ್ಮೇಲೆ ಕೊಳಗ ಕೊಡಬ್ಯಾಡಿ ಕಣ್ರಿ" ಎಂದು ತಮ್ಮನನ್ನು ಕಣದಿಂದ ದಬ್ಬಿದ. ನೆರೆದವರು ನಕ್ಕರು. ಮುಂದಿನ ಸುಗ್ಗಿಗೆ ಪುಟ್ಟಮಾದಪ್ಪ ಇರಲಿಲ್ಲ.

ವೀರಮ್ಮ ಅತ್ತಿದ್ದು ಕಡಿಮೆ, ಹಲ್ಲು ಕಚ್ಚಿದ್ದು ಹೆಚ್ಚು. ಅದೇ ಮನೆಯಲ್ಲಿ ಮುದ್ದೆ ತೊಳಸಿದಳು, ಕಳೆ ಕಿತ್ತಳು, ಕಾದಳು.

ವರ್ಷಗಳು ಕಳೆದು ಕೆಂಪನಂಜಪ್ಪನ ಕಾಲೂ ಊದಿತು. ತಮ್ಮನ ರೋಗವೇ ಅಣ್ಣನಿಗೂ ಬಂದಿತ್ತು. ವೀರಮ್ಮನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಬೇಕು? ಆ ವರ್ಷ ರಾಶಿಯ ಮುಂದೆ ಕುಂತ ಯಜಮಾನನ ತಲೆ ಎದೆಗೆ ಬಾಗಿತು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ವೀರಮ್ಮ ಹೋಗಿ ಅವನ ಮಡಿಲಿನ ಕೊಳಗ ಎತ್ತಿಕೊಂಡಳು. ಅವನು ಬೆಚ್ಚಿ ಕಣ್ಣುಬಿಟ್ಟ.

"ರಾತ್ರಿಯೆಲ್ಲ ಕಣ್ ಮುಚ್ಚಿಲ್ಲ ಕಣವ್ವಾ. ಈ ಕಾಲು ಬಿಡಾಕಿಲ್ಲ."

"ನಿಮ್ ತಮ್ಮನೂ ಇದ್ನೇ ಏಳಿದ್ದು ಬಾವಾ. ಅವ ಸೋಮಾರಿಯಾ, ರೋಗಿಯಾ? ಎಲ್ಲಾರ್ಗೂ ಕೇಳಂಗೆ ಏಳಿ."

ಕೆಂಪನಂಜಪ್ಪ ನೆಲ ನೋಡಿದ. "ರೋಗಿ ಕಣವ್ವಾ. ನಂದೇ ತಪ್ಪು. ಕೊಳಗ ಕೊಡು" ಎಂದು ಕೈ ಚಾಚಿದ.

ಊದಿದ ಆ ಕೈ ಕಂಡು ವೀರಮ್ಮನಿಗೆ ಎಳ್ಳಷ್ಟೂ ಕರುಣೆ ಹುಟ್ಟಲಿಲ್ಲ.

"ನಿದ್ದೆಬಡುಕನ ಕೈಗೆ ಕೊಡಬ್ಯಾಡಿ ಅಂದೋರು ನೀವೇ ಅಲ್ವ್ರಾ?"

ಗಂಡ ಸತ್ತವಳು ರಾಶಿ ಮುಟ್ಟಬಾರದೆಂದು ಯಾರೋ ಗೊಣಗಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾವನ ಎದುರೇ ಮಂಡಿಯೂರಿ, ಮೊದಲ ಕೊಳಗ ತುಂಬಿ ಸುರಿದಳು.

"ಲಾಭ!" ಎಂದು ಕಣವೆಲ್ಲ ಕೇಳುವಂತೆ ಕೂಗಿದಳು.