ತಂಗಿಯ ಎಡಗೈಯ ಥ್ರಿಲ್

ದಾವಣಗೆರೆಯ ಆಪರೇಷನ್ ಥಿಯೇಟರಿನಲ್ಲಿ ನಾನು ಬಹಳ ವರ್ಷ ಸಿಸ್ಟರ್ ಆಗಿದ್ದವಳು. ರಿಟೈರ್ ಆಗಿದ್ದರೂ, ಹರಿಹರದ ನನ್ನ ತಂಗಿಗೆ ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡುವ ದಿನ ಸರ್ಜನ್ ನನ್ನನ್ನು ಒಳಗೆ ಬಿಟ್ಟರು. ಮಣಿಕಟ್ಟಿನ ಹತ್ತಿರ ಆರ್ಟರಿಗೆ ಪಕ್ಕದ ವೇನ್ ಜೋಡಿಸುವ ಕೆಲಸ. ಪುಟ್ಟ ಬುಲ್‌ಡಾಗ್ ಕ್ಲ್ಯಾಂಪ್ ಕಚ್ಚಿಸಿ ರಕ್ತ ನಿಲ್ಲಿಸಿ, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದರು. ನಾನು ಕಾನ್ವೆಂಟಿನಲ್ಲಿ ಕಲಿತ ಎಂಬ್ರಾಯ್ಡರಿಯಲ್ಲಿ ಸೂಜಿ ಅಡಿಯ ಬಟ್ಟೆಗೆ ಸಿಕ್ಕರೆ ಬಿಚ್ಚಬಹುದಿತ್ತು. ಇಲ್ಲಿ ನಾಳದ ಹಿಂದಿನ ಗೋಡೆ ಸಿಕ್ಕಿತೋ, ದಾರಿಯೇ ಬಂದ್. ಕ್ಲ್ಯಾಂಪ್ ತೆಗೆದಾಗ ವೇನ್ ಉಬ್ಬಿತು. ಬೆರಳಿಟ್ಟರೆ ಒಳಗೆ ಜೇನುಹುಳ ಇದ್ದ ಹಾಗೆ ಗುಂಯ್ ಗುಂಯ್. ಅದಕ್ಕೆ ನಾವು ಥ್ರಿಲ್ ಅನ್ನುತ್ತೇವೆ. ಅದು ನಿಂತರೆ ಜೋಡಣೆ ಕಟ್ಟಿಕೊಂಡಿತು ಅಂತಲೇ ಲೆಕ್ಕ.

ದಿನಾ ಮುಟ್ಟಿ ನೋಡು ಅಂದೆ. ಆ ಕೈಗೆ ಬಿಪಿ ಬೇಡ, ವಾಚ್ ಬೇಡ, ಬಿಗಿ ಬ್ಲೌಸ್ ಬೇಡ ಅಂದೆ. ಬಳೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮಿಸ್ಟೇಕ್.

ಹೊಲಿಗೆ ಬಿಚ್ಚಿದ ಮಾರನೇ ವಾರ ಫೋನ್ ಬಂತು. "ಅಕ್ಕಾ, ಯಾಕೋ ಗುಂಯ್ ಅನ್ನೋದು ಸಣ್ಣಗಾಗೈತೆ."

ಹರಿಹರದ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಹೋಗಿ ನೋಡಿದರೆ ಊದಿದ ಎಡಗೈ ತುಂಬ ಹಸಿರು ಗಾಜಿನ ಬಳೆ, ಗಾಯದ ಮೇಲೆ ಕಚ್ಚಿಕೊಂಡು. ಪಕ್ಕಾ ಕ್ಲ್ಯಾಂಪ್.

"ಮತ್ತ ಬರೇ ಕೈಯಾಗ ಅರಿಶಿನ ಕುಂಕುಮಕ್ಕ ಹೋಗ್ಲೇನು?" ಅಂದಳು.

ಸೋಪು ಹಚ್ಚಿದರೂ ಜಾರಲಿಲ್ಲ. ಬಳೆ ಕತ್ತರಿಸಲು ಪ್ಲಯರ್ ಕೇಳಿದ್ದೇ ಕೈ ಹಿಂದೆಳೆದುಕೊಂಡಳು. "ಮುತ್ತೈದಿ ಬಳಿ ಒಡೀಬ್ಯಾಡ."

ಬಾಗಿಲಲ್ಲಿದ್ದ ಅವಳ ಗಂಡ, "ಒಡೀರಿ ಅಕ್ಕಾರೆ. ನಾನಂತೂ ಇವತ್ತ ಸಾಯಂಗಿಲ್ಲ, ಕೆಲ್ಸ ಐತೆ" ಅಂದರು.

ಬಳೆಗಳ ಕೆಳಗೆ ಒದ್ದೆ ಬಟ್ಟೆ ತೂರಿಸಿ ಪ್ಲಯರ್‌ನಲ್ಲಿ ಒಂದೊಂದಾಗಿ ಚಿವುಟಿದೆ.

"ಒಡದ್ವು ಅನ್ನಬ್ಯಾಡ, ಹೆಚ್ಚಿದ್ವು ಅನ್ನು."

"ಆಯ್ತು ಮಹಾರಾಯ್ತಿ, ಹನ್ನೆರಡೂ ಹೆಚ್ಚಿದ್ವು."

ಬೆರಳಿಟ್ಟೆ. ಮೊದಲು ನನ್ನ ಬೆರಳಿನದೇ ಬಡಿತ. ಬೆರಳು ಬದಲಿಸಿದೆ. ಆಮೇಲೆ, ಎಲ್ಲೋ ಕೆಳಗೆ, ಸಣ್ಣ ನಡುಕ. ಹಾಗೇ ಬಾಡಿಗೆ ಕಾರು ಹತ್ತಿಸಿ ದಾವಣಗೆರೆಗೆ ಕರೆತಂದೆ. ಸ್ಕ್ಯಾನ್ ನೋಡಿದ ಸರ್ಜನ್, "ಒಂದು ದಿನ ಬಿಟ್ಟಿದ್ರೆ ಮುಚ್ಚಿ ಹೋಗ್ತಿತ್ತು, ಸಿಸ್ಟರ್" ಅಂದರು.

ಈಗ ದಿನಾ ಬೆಳಿಗ್ಗೆ ಫೋನ್ ಮಾಡುತ್ತೇನೆ. ಹಲೋ ಅನ್ನುವ ಮೊದಲೇ ಅವಳು, "ಐತೆ ಐತೆ, ಸುಮ್ನಿರು" ಅನ್ನುತ್ತಾಳೆ. ಎತ್ತದಿದ್ದ ದಿನ, ಎರಡನೇ ರಿಂಗ್ ಮುಗಿಯುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿರುತ್ತೇನೆ.