ಹಿಂದಿನ ಸೀಟಿನ ರಾಗಿ ಮೂಟೆ

ನನ್ನ ಹೆಂಡತಿ ನನ್ನ ಗಾಡಿಯಿಂದ ಮುನಿಸಿಕೊಂಡು ಇಳಿದದ್ದು ಒಂದೇ ಸಲ, ಅದೂ ಕೃಷ್ಣಗಿರಿ ಬಸ್ ಸ್ಟ್ಯಾಂಡಿನ ಎದುರಿಗೆ. ಮಗಳ ಬಾಣಂತನಕ್ಕೆಂದು ಹೊಸೂರಿನಿಂದ ಸೇಲಂಗೆ ಹೊರಟಿದ್ದೆವು. ಬಾಣಂತನ ತವರಿನಲ್ಲಿ ಆಗಬೇಕಾದ್ದು, ಆದರೆ ಮಗಳು ತೋರಿಸುತ್ತಿದ್ದ ಡಾಕ್ಟರು ಸೇಲಂನಲ್ಲೇ ಇದ್ದರು, ಹಾಗಾಗಿ ತಾಯಿಯೇ ಅಲ್ಲಿಗೆ ಹೊರಟಿದ್ದಳು. ಶೂಲಗಿರಿ ದಾಟಿದಾಗಿನಿಂದಲೇ ಅವಳು ಹಿಂದೆ ಮಿಸುಕಾಡುತ್ತಿದ್ದದ್ದು ನನಗೆ ಹ್ಯಾಂಡಲ್ಲಿನಲ್ಲೇ ಗೊತ್ತಾಗುತ್ತಿತ್ತು. ಕೃಷ್ಣಗಿರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದೆ. ಸೊಂಟ ಹಿಡಿದುಕೊಂಡು ನಿಂತವಳು ಮತ್ತೆ ಹತ್ತಲೇ ಇಲ್ಲ.

"ಆ ಹಲಗೆ ಮೇಲೆ ನಾನಿನ್ನು ಕೂರಲ್ಲ ಕಣ್ರೀ. ನೀವು ಗಾಡಿಯಾಗೆ ಬನ್ನಿ, ನಾನು ಬಸ್ಸಲ್ಲಿ ಬತ್ತೀನಿ" ಅಂದಳು.

ಅವತ್ತು ಸೇಲಂವರೆಗೂ ನಾನು ಆ ಬಸ್ಸಿನ ಹಿಂದೆಯೇ ಹೋದೆ. ಮುಂದೆ ಹೋಗಿ ಕಾಯಬಹುದಿತ್ತು, ಮನಸ್ಸು ಬರಲಿಲ್ಲ. ಅವಳು ಕಿಟಕಿ ಪಕ್ಕ ಕೂತಿದ್ದಳು. ಬಸ್ಸು ನಿಧಾನವಾದಾಗಲೆಲ್ಲ ತಲೆ ಹೊರಗೆ ಹಾಕಿ ನಾನು ಇದ್ದೀನಾ ಅಂತ ನೋಡುವಳು. ತೊಪ್ಪೂರಿನ ಇಳಿಜಾರಿನಲ್ಲಿ ಕೈ ಬೀಸಿ, ಹಿಂದೆ ಇರಿ, ಓವರ್‌ಟೇಕ್ ಮಾಡಬೇಡಿ ಅಂತ ಸನ್ನೆ ಮಾಡಿದಳು. ಹೆಲ್ಮೆಟ್ಟಿನೊಳಗೆ ನಾನು ನಗುತ್ತಿದ್ದೆ, ಅವಳಿಗೆ ಕಾಣಿಸಿರಲಿಕ್ಕಿಲ್ಲ.

ಬಾಣಂತನ ಮುಗಿಯಿತು. ಮಗಳು ಕೆಲಸಕ್ಕೆ ವಾಪಸ್ ಹೋದಳು. ಮಗುವನ್ನು ನೋಡಿಕೊಳ್ಳುವವರು ಬೇಕಲ್ಲ, ಇವಳು ಅಲ್ಲೇ ಉಳಿದಳು. ನನಗೆ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಇನ್ನೂ ಸರ್ವಿಸ್ ಇದೆ, ನಾನು ಹೊಸೂರಿನಲ್ಲಿ, ಆಲಸನತ್ತಂನ ಮನೆಯಲ್ಲಿ ಉಳಿದೆ. ಯಾರದೂ ತಪ್ಪಿಲ್ಲ. ಹೀಗೆ ಆಗುತ್ತದೆ ಅಂತ ಯಾರೂ ಕೂತು ತೀರ್ಮಾನ ಮಾಡಿದ್ದೂ ಇಲ್ಲ.

ಒಬ್ಬನೇ ಇರುವಾಗ ಮೊದಲು ಕೈಕೊಡುವುದು ಅಡುಗೆ. ಒಬ್ಬನಿಗೆ ಮುದ್ದೆ ತಿರುವುವುದು ಎಷ್ಟು ಕಷ್ಟ ಅಂತ ತಿರುವಿದವರಿಗೇ ಗೊತ್ತು. ಪಾತ್ರೆ ದೊಡ್ಡದು, ಹಿಟ್ಟು ಚೂರು, ಕೋಲು ಹೋಗಿ ತಳಕ್ಕೆ ಬಡಿಯುತ್ತದೆ. ಗಂಟು ಬಿದ್ದದ್ದನ್ನು ಬಿಸಿಸಾರಿನಲ್ಲಿ ಅದ್ದಿ ನುಂಗಿ, ಪಾತ್ರೆಗೆ ನೀರು ಬಿಟ್ಟು, ಆಮೇಲೆ ಸೇಲಂಗೆ ಫೋನು. ಏನು ಸಾರು, ಮಗು ಮಲಗಿತಾ, ಕೆಳಗಿನ ಮನೆಯವರು ನೀರಿನ ಮೋಟಾರ್ ಹಾಕಿದ್ರಾ. ಕೊನೆಗೆ ನಾನು, ಯಾವಾಗ ಬರ್ತೀಯ ಅಂತ ಕೇಳುವೆ. "ಮೊದಲು ಆ ಸೀಟು ಸರಿ ಮಾಡ್ಸಿ, ಬತ್ತೀನಿ" ಅನ್ನುವಳು. ತಮಾಷೆಗೆ ಅಂದದ್ದು ಅಂತ ನನಗೂ ಗೊತ್ತಿತ್ತು. ಆದರೆ ಒಂಟಿಯಾಗಿರುವವನಿಗೆ ತಮಾಷೆ ಮಾತಿನಲ್ಲೂ ಒಂದು ಕೆಲಸ ಸಿಕ್ಕರೆ ಸಾಕು, ಹಿಡಿದುಕೊಳ್ಳುತ್ತಾನೆ.

ಆ ಸೀಟಿನ ವಿಷಯ ಸ್ವಲ್ಪ ಹೇಳಬೇಕು. ಮದುವೆಯಾದ ಮೇಲೆ ಗಾಡಿ ಎರಡು ಸಲ ಬದಲಾಗಿದೆ, ಅವಳು ಕೂರುವ ಜಾಗ ಬದಲಾಗಿರಲಿಲ್ಲ. ಅವಳ ಚಿಕ್ಕಮ್ಮನ ಮನೆ ಅಂಚೆಟ್ಟಿ ಕಡೆ. ಬಸ್ಸು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ ಅನ್ನುವಂಥ ದಾರಿ, ಹಾಗಾಗಿ ಗಾಡಿಯಲ್ಲೇ ಹೋಗುತ್ತಿದ್ದೆವು. ಮಗಳನ್ನು ನಡುವೆ ಕೂರಿಸಿಕೊಂಡು ತಳಿಗೆ, ಅವಳ ತವರಿಗೆ. ಅವಳಿಗೆ ಒಂದು ಅಭ್ಯಾಸ. ಮನೆಯಲ್ಲಿ ಮುಖ ನೋಡಿ ಹೇಳಲಾಗದ ಮಾತನ್ನೆಲ್ಲ ಗಾಡಿಯ ಮೇಲೆ ಹೇಳುವಳು, ನನ್ನ ಬೆನ್ನಿಗೆ. ಬಸುರಿಯಾದದ್ದನ್ನು ಹೇಳಿದ್ದು ಹಾಗೆ. ಮಗಳು ಯಾರನ್ನೋ ಇಷ್ಟಪಟ್ಟಿದ್ದಾಳೆ ಅಂತ ಹೇಳಿದ್ದೂ ಹಾಗೆ, ತಳಿ ರಸ್ತೆಯ ಏರಿನಲ್ಲಿ. ನಾನು ತಿರುಗಿ ನೋಡುವ ಹಾಗಿಲ್ಲ, ರಸ್ತೆ ನೋಡಬೇಕು. ಅದಕ್ಕೇ ಆ ಜಾಗ ಅವಳಿಗೆ ಇಷ್ಟವಾಗಿತ್ತೇನೋ.

ಮೊದಮೊದಲು ನಾನೇ ಏನೇನೋ ಪ್ರಯೋಗ ಮಾಡಿದೆ. ಲಾರಿ ಡ್ರೈವರುಗಳು ಹಾಕಿಕೊಳ್ಳುವ ಮರದ ಮಣಿಯ ಚಾಪೆ ಹಾಕಿ ಕಟ್ಟಿದೆ. ಪರೀಕ್ಷೆಗೆ ನಾನೇ ಕೂತು ಹೊರಟರೆ, ಶೂಲಗಿರಿಯಷ್ಟರಲ್ಲಿ ಒಂದೊಂದು ಮಣಿಯ ಗುರುತೂ ನನ್ನ ಮೈಮೇಲೆ ಮೂಡಿತ್ತು. ಆನ್‌ಲೈನಿನಲ್ಲಿ ಜೆಲ್ ತುಂಬಿದ ಪ್ಯಾಡ್ ತರಿಸಿದೆ. ಅದು ಬೆಳಗಿನ ಹೊತ್ತು ಮೊಸರಿನ ಹಾಗೆ ತಂಪು, ಬಿಸಿಲೇರಿದ ಮೇಲೆ ಕಾವಲಿ. ಗಾಳಿ ತುಂಬುವ ದಿಂಬು ತಿರುವಿನಲ್ಲಿ ನನ್ನನ್ನೇ ಆಚೆ ತಳ್ಳುತ್ತಿತ್ತು. ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ನಮ್ಮೂರ ಕಡೆಯವನೊಬ್ಬ, ಸಲುಗೆಯ ಸ್ನೇಹಿತ, ದಿನಾ ನೋಡಿ ನಗುವನು.

"ಬಸ್ಸು ಅಂತ ಒಂದು ಇರ್ತದೆ ಕಣ್ಲಾ. ಅದ್ರಾಗೆ ಸೀಟು ಅವ್ರೇ ಮಾಡ್ಸಿರ್ತಾರೆ" ಅಂದ ಒಂದು ದಿನ.

ಬಸ್ಸಿನಲ್ಲಿ ನಾನು ಹೋಗಿ ಬರುತ್ತಿರಲಿಲ್ಲ ಅಂತಲ್ಲ. ಆದರೆ ಬಸ್ಸಿನಲ್ಲಿ ಹೋದರೆ ನಾನು ಮೊಮ್ಮಗಳನ್ನು ನೋಡಲು ಬಂದ ನೆಂಟ. ಗಾಡಿಯಲ್ಲಿ ಹೋದರೆ ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದವನು. ಇದನ್ನು ಅವನಿಗೆ ಹೇಳಲಿಲ್ಲ.

ಯುಗಾದಿಗೆ ಬರುತ್ತೇನೆ ಅಂತ ಅವಳು ಒಪ್ಪಿದಳು. ಮಗಳಿಗೆ ಆಗ ನಾಲ್ಕಾರು ದಿನ ರಜ ಸಿಗುವುದಿತ್ತು. ಅವಳು ಹೂಂ ಅಂದ ಮಾರನೇ ದಿನವೇ ಸೀಟು ಬಿಚ್ಚಿಸಲು ಕೊಟ್ಟೆ. ತಳಿ ರಸ್ತೆಯಲ್ಲಿ ಆಟೋಗಳಿಗೆ ಕುಶನ್ ಹೊಲಿಯುವವನ ಅಂಗಡಿ. ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಬಾಯಲ್ಲಿ ಆಡುವವನು, ಕಿವಿಗೆ ಫೋನು ಸಿಕ್ಕಿಸಿಕೊಂಡೇ ಕತ್ತರಿ ಆಡಿಸುವವನು. ಹಳೇ ರೆಕ್ಸಿನ್ ಕಿತ್ತು ಒಳಗಿನ ಫೋಮನ್ನು ತೋರಿಸಿದ. ಹಿಂದಿನ ಭಾಗ ತಿಂದುಳಿದ ರೊಟ್ಟಿಯಂತೆ ಒಂದು ಅಂಚಿನಲ್ಲಿ ಮಾತ್ರ ತೆಳ್ಳಗಾಗಿತ್ತು. ಮುಂದಿನದನ್ನು ನನ್ನನ್ನು ಕೂರಿಸಿ, ಎಬ್ಬಿಸಿ, ಕೂರಿಸಿ ಕತ್ತರಿಸಿದ. ಹಿಂದಿನದಕ್ಕೆ ಬಂದಾಗ ಫೋನು ಕೆಳಗಿಟ್ಟ.

"ಅಕ್ಕ ಹೆಂಗೆ ಕೂತ್ಕತ್ತಾರಣ್ಣ? ಒಂದೇ ಕಡೆ ಕಾಲು ಹಾಕ್ಕಂಡಾ, ಎರಡೂ ಕಡೆನಾ?"

ಸೀರೆ ಉಡುವವಳು, ಒಂದೇ ಕಡೆ, ಎಡಕ್ಕೆ ಅಂದೆ. ಇಷ್ಟು ವರ್ಷ ಹಾಗೇ ಕೂತಿದ್ದಾಳೆ ಅಂತಲೂ ಸೇರಿಸಿದೆ. ಹಾಗಾದರೆ ಅದಕ್ಕೆ ತಕ್ಕಂತೆ ಮಾಡಿಕೊಡುತ್ತೇನೆ ಅಂದ. ಎಡಗಡೆಯ ಅಂಚನ್ನು ಮೊಣಕಾಲಿನ ಹಿಂದೆ ಒತ್ತದ ಹಾಗೆ ಉರುಟಾಗಿ ಇಳಿಸಿದ. ಬಲಗಡೆ, ಅವಳು ಹಿಂದಕ್ಕೆ ಜಾರದ ಹಾಗೆ, ಒಂದು ದಪ್ಪ ಅಂಚು ಎಬ್ಬಿಸಿದ. ನೋಡಲು ಸೊಗಸಾಗಿತ್ತು. ಒಂದೇ ತೊಂದರೆ, ಹೊಸ ಫೋಮು ಬಿರುಸು, ಮೇಲೆ ದಿನಾ ಯಾರಾದರೂ ಕೂತರೆ ಹದಕ್ಕೆ ಬರುತ್ತದೆ ಅಂದ. ನನ್ನ ಭಾಗಕ್ಕೆ ನಾನಿದ್ದೆ. ಹಿಂದೆ ಕೂರಲು ಯಾರಿದ್ದಾರೆ?

ಮನೆಯಲ್ಲಿ ರಾಗಿ ಮೂಟೆ ಇತ್ತು. ಬಾಮೈದ ಸುಗ್ಗಿ ಆದ ಮೇಲೆ ತಳಿಯಿಂದ ಕಳಿಸುವುದು. ಅವಳಿಲ್ಲದೆ ಅದರ ಬಾಯಿ ಬಿಚ್ಚಿರಲಿಲ್ಲ, ನಾನು ಅಂಗಡಿಯ ಹಿಟ್ಟಿನ ಪ್ಯಾಕೆಟ್ಟಿನಲ್ಲೇ ಕಾಲ ಹಾಕುತ್ತಿದ್ದೆ. ಅದನ್ನು ಎತ್ತಿ ಹಿಂದಿನ ಸೀಟಿನ ಮೇಲೆ ಕೂರಿಸಿ, ಹಳೇ ಸೈಕಲ್ ಟ್ಯೂಬಿನಿಂದ ಬಿಗಿದು, ಡ್ಯೂಟಿಗೆ ಹೊರಟೆ.

ಅವತ್ತಿನಿಂದ ಆ ಮೂಟೆ ನನ್ನ ಜೊತೆ ಫ್ಯಾಕ್ಟರಿಗೆ ಹೋಗಿ ಬರತೊಡಗಿತು. ಗೇಟಿನ ಸೆಕ್ಯೂರಿಟಿಯವನು ಮೊದಲ ದಿನ ಕಡ್ಡಿ ಚುಚ್ಚಿ ನೋಡಿದ. ಒಳಗಿಂದ ಏನೂ ಹೊರಗೆ ಹೋಗಬಾರದು, ಹೊರಗಿಂದ ಬಂದದ್ದು ಹಾಗೇ ವಾಪಸ್ ಹೋಗುತ್ತದೆಂದರೆ ಅವನಿಗೆ ಏನು ಬರೆದುಕೊಳ್ಳಬೇಕೋ ತಿಳಿಯಲಿಲ್ಲ. ಆಮೇಲಾಮೇಲೆ ಕೈ ಎತ್ತಿ ಬಿಡತೊಡಗಿದ. ಸ್ನೇಹಿತನಂತೂ ಪಾರ್ಕಿಂಗಿನಲ್ಲಿ ಮೂಟೆಗೆ ನಮಸ್ಕಾರ ಹಾಕಿ, "ಅತ್ತಿಗೆ ಸ್ವಲ್ಪ ಇಳಿದವ್ರೆ ಕಣ್ಲಾ, ಸರಿಯಾಗಿ ಊಟ ಹಾಕು" ಅಂದ. ಎದುರು ಮನೆಯ ಹೆಂಗಸು ಮಾತ್ರ ನಗಲಿಲ್ಲ. ಬಾಗಿಲಲ್ಲಿ ನಿಂತು, ಅಕ್ಕ ಯಾವಾಗ ಬತ್ತಾರಣ್ಣ ಅಂತ ಕೇಳಿ, ನಾನು ಯುಗಾದಿಗೆ ಅಂದಾಗ ಒಳಗೆ ಹೋದಳು.

ಒಂದು ಸಂಜೆ ತಳಿ ರಸ್ತೆಯಲ್ಲಿ ಹಂಪ್ ಬಂದಾಗ ಬಾಯಿಂದ ತಾನಾಗಿ, ಹಿಡ್ಕೋ ಅಂತ ಬಂತು. ಹಿಂದೆ ಯಾರೂ ಇಲ್ಲ. ಗಾಡಿ ನಿಲ್ಲಿಸಿ, ಟ್ಯೂಬು ಸಡಿಲವಾಗಿದೆಯೇನೋ ಅಂತ ನೋಡುವವನ ಹಾಗೆ ಸ್ವಲ್ಪ ಹೊತ್ತು ನಿಂತಿದ್ದೆ. ಸಡಿಲವಾಗಿರಲಿಲ್ಲ.

ಹಬ್ಬದ ಹಿಂದಿನ ದಿನ ಮೂಟೆ ಇಳಿಸಿ, ಸೀಟು ಒರೆಸಿ, ಬೆಳ್ಳಂಬೆಳಗ್ಗೆ ಹೊರಟೆ. ಮುಂದಿನ ಸೀಟು ನಿಜಕ್ಕೂ ಚೆನ್ನಾಗಿ ಬಂದಿತ್ತು. ಕೃಷ್ಣಗಿರಿ ದಾಟಿ ಕಾವೇರಿಪಟ್ಟಣಕ್ಕೆ ಬಂದರೂ ತೊಡೆ ಜೋಮು ಹಿಡಿಯಲಿಲ್ಲ. ಧರ್ಮಪುರಿಯಲ್ಲಿ ಅಭ್ಯಾಸಕ್ಕೆ ನಿಲ್ಲಿಸಿದೆನೇ ಹೊರತು ನೋವಿಗಲ್ಲ. ಸೇಲಂ ತಲುಪಿ ಮಗಳ ಮನೆಯ ಮುಂದೆ ಹಾರ್ನ್ ಮಾಡಿದಾಗ ಮಗುವನ್ನು ಸೊಂಟಕ್ಕೇರಿಸಿಕೊಂಡು ಒಬ್ಬ ಹೆಂಗಸು ಹೊರಗೆ ಬಂದಳು. ಒಂದು ಗಳಿಗೆ ಯಾರೋ ಅಂದುಕೊಂಡೆ. ಚೂಡಿದಾರ ಹಾಕಿದ್ದಳು, ನನ್ನ ಹೆಂಡತಿ.

"ಯಾಕ್ರೀ ಹಂಗೆ ನೋಡ್ತೀರ? ಮಗಳದು ಹಳೇದು" ಅಂದಳು. ಮಗುವಿನ ಹಿಂದೆ ಓಡಾಡಲು ಇದೇ ಅನುಕೂಲ ಅಂತ ಮಗಳು ಒಳಗಿನಿಂದ ಹೇಳಿದಳು.

ಕಾಫಿ ಕುಡಿಯುವಷ್ಟೂ ನನಗೆ ತಾಳ್ಮೆ ಇರಲಿಲ್ಲ. ಬಾ, ಸೀಟು ನೋಡು ಅಂತ ಕರೆದೆ. ಬೇವಿನ ಹೂವು ಹೇಗೂ ತರಬೇಕಿತ್ತು, ಮಾರ್ಕೆಟ್ಟಿನವರೆಗೆ ಹೋಗಿ ಬರೋಣ ಅಂದೆ. ಮಗುವನ್ನು ಮಗಳ ಕೈಗೆ ಕೊಟ್ಟು ಬಂದಳು. ಒಂದು ಕೈ ನನ್ನ ಭುಜದ ಮೇಲಿಟ್ಟಳು. ಅಲ್ಲಿವರೆಗೆ ಎಲ್ಲ ಹಳೆಯದೇ. ಆಮೇಲೆ ಕಾಲನ್ನು ಎತ್ತಿ ಆ ಕಡೆಗೆ ಹಾಕಿ, ಗಂಡಸರ ಹಾಗೆ ಎರಡೂ ಕಡೆ ಕಾಲು ಬಿಟ್ಟು ಕೂತಳು.

ನಾನು ಕನ್ನಡಿಯಲ್ಲಿ ನೋಡಿದೆ. ಮಗುವನ್ನು ನಡುವೆ ಕೂರಿಸಿಕೊಂಡು ಮಗಳ ಸ್ಕೂಟರಿನಲ್ಲಿ ಆಸ್ಪತ್ರೆಗೆ ಹೋಗುವಾಗ ಒಂದೇ ಕಡೆ ಕೂರಲು ಭಯವಾಗುತ್ತಿತ್ತಂತೆ. ಹಾಗೇ ಕಲಿತೆ ಅಂದಳು. ಅಷ್ಟರಲ್ಲಿ ಎಡಕ್ಕೆ ವಾಲಿದಳು, ಸರಿ ಮಾಡಿಕೊಂಡಳು, ಮತ್ತೆ ವಾಲಿದಳು.

"ಏನ್ರೀ ಇದು, ಈ ಕಡೆ ಹೊಲದ ಬದ ಕಟ್ಟಿದಂಗೈತೆ?"

ಅದು ನೀನು ಜಾರದೆ ಇರಲಿ ಅಂತ ಅಂದೆ. ಆ ಅಂಚನ್ನು ಕೈಯಿಂದ ತಡವಿ ನೋಡಿದಳು. ಆಮೇಲೆ ಅರ್ಥವಾಗಿ ನಗತೊಡಗಿದಳು, ನನ್ನ ಬೆನ್ನಿಗೆ ಹಣೆ ತಾಗಿಸಿ ನಕ್ಕಳು. ನಾನೂ ನಕ್ಕೆ. ರಾಗಿ ಮೂಟೆಯ ಕತೆ ಹೇಳಿದೆ, ಇನ್ನೂ ನಕ್ಕಳು. ಆ ಸೀಟಿನ ಮೇಲೆ ವಾರೆಯಾಗಿ ಕೂತೇ ಮಾರ್ಕೆಟ್ಟಿಗೆ ಬಂದಳು. ಬೇವಿನ ಹೂವು, ಬೆಲ್ಲ, ಮಾವಿನೆಲೆ ಕೊಂಡೆವು.

ವಾಪಸ್ ಬರುವಾಗ ಒಂದು ಸಿಗ್ನಲ್ಲು ದಾಟಿದ ಮೇಲೆ ಹೇಳಿದಳು. ಸಿಗ್ನಲ್ಲಿನಲ್ಲಿ ನಿಂತಾಗಲೇ ಹೇಳಬಹುದಿತ್ತು. ಗಾಡಿ ಓಡಲಿ ಅಂತ ಕಾದಿದ್ದಳು.

"ಪಾಪು ಸ್ಕೂಲಿಗೆ ಹೋಗೋಗಂಟ ನಾನು ಬರಕ್ಕಾಗಲ್ಲ ಕಣ್ರೀ. ಈ ಸಲ ಅಷ್ಟು ದಿನ ರಜಾನೂ ಸಿಗ್ಲಿಲ್ಲ ಮಗಳ್ಗೆ. ಫೋನಾಗೆ ಹೇಳಣಾ ಅಂದ್ರೆ ಬಾಯಿ ಬರಲಿಲ್ಲ."

ನಾನು ಸರಿ ಅಂದೆ. ಗೇರ್ ಬದಲಾಯಿಸಿದೆ. ಅವಳ ಕೈ ಭುಜದ ಮೇಲಿನಿಂದ ಇಳಿಯಲಿಲ್ಲ, ಮನೆಯವರೆಗೂ ಅಲ್ಲೇ ಇತ್ತು. ನಾನು ತಿರುಗಿ ನೋಡುವ ಹಾಗಿರಲಿಲ್ಲ, ಒಳ್ಳೆಯದೇ ಆಯಿತು.

ಹಬ್ಬ ಅಲ್ಲೇ ಮಾಡಿದೆವು. ಆ ತಮಿಳರ ಬೀದಿಯಲ್ಲಿ ನಮ್ಮೊಬ್ಬರ ಬಾಗಿಲಿಗೆ ಮಾತ್ರ ತೋರಣ. ಮಗುವಿನ ನಾಲಿಗೆಗೆ ಬೇವು ಬೆಲ್ಲ ಹಚ್ಚಿದರೆ ಮುಖ ಕಿವುಚಿಕೊಂಡು, ಮತ್ತೆ ಬೇಕು ಅಂತ ಬಾಯಿ ತೆರೆಯಿತು. ಮಾರನೇ ದಿನ ಒಬ್ಬಟ್ಟಿನ ಡಬ್ಬಿಯನ್ನು ಅವಳೇ ಹಿಂದಿನ ಸೀಟಿಗೆ ಕಟ್ಟಿ, ಅಲ್ಲಾಡಿಸಿ ನೋಡಿ, ಹುಷಾರು ಅಂದಳು.

ವಾಪಸ್ ದಾರಿಯಲ್ಲಿ ಏನೂ ನೋಯಲಿಲ್ಲ. ಬೆನ್ನು ಸರಿ ಇತ್ತು, ತೊಡೆ ಸರಿ ಇತ್ತು. ಎಷ್ಟೋ ತಿಂಗಳಿಂದ ಹುಡುಕುತ್ತಿದ್ದ ಸೀಟು ಕೊನೆಗೂ ಸಿಕ್ಕಿತ್ತು. ಎಲ್ಲಾದರೂ ಚೂರು ನೋವಿದ್ದಿದ್ದರೆ ಮನಸ್ಸು ಆ ಕಡೆಗಾದರೂ ಹೋಗುತ್ತಿತ್ತು. ಕೃಷ್ಣಗಿರಿ ಬಸ್ ಸ್ಟ್ಯಾಂಡಿನ ಎದುರು, ಅವಳು ಸೊಂಟ ಹಿಡಿದು ನಿಂತಿದ್ದ ಜಾಗದಲ್ಲಿ ಟೀ ಕುಡಿದೆ. ಹಿಂದಿನ ಸೀಟು ಬಿಸಿಲಿಗೆ ಕಾದಿತ್ತು, ಟವೆಲ್ ಹೊದಿಸಿದೆ.

ಕುಶನ್ನಿನವನ ಹತ್ತಿರ ಮತ್ತೆ ಹೋದೆ. ಬಲಗಡೆಯ ಬದ ತೆಗೆದು ಎರಡೂ ಕಡೆ ಸಮ ಮಾಡು ಅಂದೆ. ಅಕ್ಕ ಬಂದ್ರಾ ಅಂತ ಕೇಳಿದ. ಇಲ್ಲ, ಕೂರೋದು ಬದಲಾಯ್ಸಿದಾಳೆ ಅಂದೆ. ಹೊಸ ಫೋಮು, ಹದಕ್ಕೆ ಬರಬೇಕಾದರೆ ದಿನಾ ಯಾರಾದರೂ ಕೂರಬೇಕು ಅಂತ ಮತ್ತೆ ಅದೇ ಹೇಳಿದ. ಈ ಸಲ ಮೂಟೆ ಹಾಕಲಿಲ್ಲ. ಬಿರುಸಾಗಿಯೇ ಇರಲಿ, ಅವಳು ಯಾವತ್ತು ಬರುತ್ತಾಳೋ ಅವತ್ತು ಅವಳೇ ಕೂತು ಹದ ಮಾಡಿಕೊಳ್ಳಲಿ.

ಮೂಟೆಯನ್ನು ಮೊನ್ನೆ ಭಾನುವಾರ ಬಿಚ್ಚಿದೆ. ಇಷ್ಟು ದಿನ ಊರು ಸುತ್ತಿದ ರಾಗಿ, ಒಂದು ಹುಳ ಬಿದ್ದಿರಲಿಲ್ಲ. ಕಲ್ಲು ಆರಿಸಿ, ಬಿಸಿಲಿಗೆ ಹರವಿ, ಸಂಜೆ ಮಿಲ್ಲಿಗೆ ಹೆಗಲ ಮೇಲೆ ಹೊತ್ತುಕೊಂಡು ಹೋದೆ. ಎಲ್ಲಾ ಒಟ್ಟಿಗೇ ಬೀಸೋದಾ, ಹಿಟ್ಟು ಮುಗ್ಗಲು ಬರ್ತದಲ್ಲಣ್ಣ ಅಂದ ಮಿಲ್ಲಿನವನು. ಹೌದಲ್ಲ ಅಂತ ಒಂದು ಕೈಚೀಲದಷ್ಟು ಮಾತ್ರ ಬೀಸಿಸಿಕೊಂಡು, ಉಳಿದದ್ದನ್ನು ಮತ್ತೆ ಕಟ್ಟಿ ಮನೆಗೆ ತಂದೆ. ಒಬ್ಬನಿಗೆ ಅಷ್ಟು ಬಹಳ ದಿನ ಬರುತ್ತದೆ.