ನಿಮ್ಮವ್ವನ ಫೋಟೋದಲ್ಲಿರುವ ಕಣ್ಣುಗಳು

ತಂಗಿ ನಾಗವೇಣಿ, ನಿನ್ನ ನಡುಮನೆಯ ಗೋಡೆಯ ಮೇಲಿರುವ ಫೋಟೋದಲ್ಲಿ ಮುಖ ನಿಮ್ಮವ್ವನದು, ಕಣ್ಣು ಅವರದಲ್ಲ. ಅವು ನನ್ನ ಹೆಂಡತಿ ರತ್ನಳ ಕಣ್ಣುಗಳು. ನಾನೇ ತಂದು ಕೂರಿಸಿದೆ. ನಿನಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ.

ನಿಮ್ಮವ್ವ ತೀರಿಕೊಂಡ ದಿನ ನಿಮ್ಮೂರು ಮಾಂಬಳ್ಳಿಗೆ ಬಂದು ಫೋಟೋ ತೆಗೆದವನು ನಾನು. ನಮ್ಮ ಜನರ ಪದ್ಧತಿಯಂತೆ ಅವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಹಾರ ಹಾಕಿದ್ದರು. ಅದು ಬಿಟ್ಟರೆ ಅವರದು ಬೇರೆ ಫೋಟೋ ಇರಲಿಲ್ಲ—ವೋಟರ್ ಕಾರ್ಡಿನಲ್ಲಿದ್ದದ್ದು ಮಸಿಯ ಗುರುತಷ್ಟೆ. ಮುಂದಿನ ವಾರ ಕೊಳ್ಳೇಗಾಲದ ನನ್ನ ಸ್ಟುಡಿಯೋಗೆ ಬಂದು ನೀನು ಕೇಳಿದೆ: “ಅಣ್ಣಾ, ಅವ್ವ ಕಣ್ ಬುಟ್ಕಂಡಿರಂಗೆ ಮಾಡ್ಕೊಡಿ. ನನ್ನೇ ನೋಡ್ತಾ ಇರ್ಬೇಕು.”

ಸತ್ತವರ ಕಣ್ಣು ತೆರೆಸುವುದು ನಮ್ಮ ಕಸುಬಿನಲ್ಲಿ ಹೊಸದೇನಲ್ಲ. ಅವರದೇ ಹಳೆಯ ಫೋಟೋದಿಂದ ಕಣ್ಣು ತೆಗೆದು ಕಂಪ್ಯೂಟರಿನಲ್ಲಿ ಕೂರಿಸುತ್ತೇವೆ. ಹಳೆಯ ಫೋಟೋ ಇಲ್ಲದಿದ್ದರೆ ಆಗುವುದಿಲ್ಲ ಎನ್ನಬೇಕಿತ್ತು. ನಿನ್ನ ಮುಖ ನೋಡಿ ಆಗುತ್ತದೆ ಎಂದೆ.

ಆ ಮಧ್ಯಾಹ್ನ ಮನೆಯಲ್ಲಿ ರತ್ನಳನ್ನು ಗೋಡೆಗೆ ಒರಗಿಸಿ ಕೂರಿಸಿದೆ—ನಿಮ್ಮವ್ವ ಕೂತಿದ್ದ ಹಾಗೆಯೇ, ಬೆಳಕು ಎಡಗಡೆಯಿಂದ ಬೀಳುವ ಹಾಗೆ. ಕ್ಯಾಮೆರಾವನ್ನು ಕೇಬಲ್‌ನಿಂದ ಪುಟ್ಟ ಲ್ಯಾಪ್‌ಟಾಪಿಗೆ ಜೋಡಿಸಿದೆ. ಬಟನ್ ಒತ್ತಿದ ಒಂದು ಉಸಿರಿಗೆ ಚಿತ್ರ ಪರದೆಯ ಮೇಲೆ ಬರುತ್ತಿತ್ತು. ಪರದೆಯ ಎಡಭಾಗದಲ್ಲಿ ನಿಮ್ಮವ್ವನ ಮುಖ ಇಟ್ಟಿದ್ದೆ. ಬಲಭಾಗದಲ್ಲಿ ರತ್ನಳ ಮುಖ ಬಂದು ನಿಲ್ಲುತ್ತಿತ್ತು.

“ಇದ್ಯಾಕ್ರೀ, ಇವತ್ತು ನನ್ ಮ್ಯಾಲೆ ಪ್ರೀತಿ ಉಕ್ತಾ ಅದೆ? ಮದ್ವೆಯಾಗಿ ಇಷ್ಟ್ ವರ್ಸ ಆಯ್ತು, ಊರೋರ್ಗೆಲ್ಲ ತಗೀತೀರಿ, ನಂಗೊಂದ್ ಫೋಟೋ ತಗ್ದಿಲ್ಲ!”

“ಒಸ ಕೇಬಲ್ ಟೆಸ್ಟು ಕಣೇ. ಸುಮ್ಕೆ ಕೂತ್ಕೊ. ನಗ್ಬ್ಯಾಡ. ಮುಂದ್ಗಡೆ ಅಳೋ ಮಗಳು ಕುಂತವ್ಳೆ ಅನ್ಕೊಂಡು ಅವಳ್ನ ನೋಡು.”

ಅವಳ ನಗು ನಿಂತಿತು. ನಮಗೆ ಮಕ್ಕಳಿಲ್ಲ. ಅವಳು ನೋಡಿದ ಆ ನೋಟ—ನಾನು ಅದನ್ನೇ ತೆಗೆದುಕೊಂಡೆ.

ನಡುವೆ ಒಮ್ಮೆ ಅವಳು ರೆಪ್ಪೆ ಮುಚ್ಚಿದಾಗ ಬಟನ್ ಒತ್ತಿಬಿಟ್ಟಿದ್ದೆ. ಆ ಚಿತ್ರ ಪರದೆಗೆ ಬಂತು. ಕಣ್ಣು ಮುಚ್ಚಿದ ಎರಡು ಮುಖ, ಒಂದೇ ಥರದ ಗೋಡೆ, ಒಂದೇ ಥರದ ಬೆಳಕು. ಒಂದು ಕ್ಷಣ—ಯಾವ ಕಡೆಯದು ಯಾರೆಂದು ನನಗೆ ತಿಳಿಯಲಿಲ್ಲ. ಕೂಡಲೇ ಆ ಚಿತ್ರ ಅಳಿಸಿದೆ.

“ತೋರ್ಸಿ ಮತ್ತೆ, ಆಗಿಂದಾಗ್ಲೇ ನೋಡಕ್ಕೆ ಅಲ್ವಾ ಈ ಕೇಬಲ್ಲು?” ಎಂದು ಅವಳು ಎದ್ದು ಬಂದಳು. ಚಾರ್ಜ್ ಹೋಯಿತು ಎಂದು ಲ್ಯಾಪ್‌ಟಾಪ್ ಮಡಚಿದೆ. ಅವಳು ತನ್ನ ಫೋಟೋವನ್ನು ನೋಡಲೇ ಇಲ್ಲ.

ವೋಟರ್ ಕಾರ್ಡಿನ ಕಣ್ಣನ್ನೇ ದೊಡ್ಡದು ಮಾಡಿದೆ ಎಂದು ನಿನಗೆ ಹೇಳಿದೆ. ನೀನು ಫ್ರೇಮನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ.

ನಾಲ್ಕು ತಿಂಗಳಿಗೆ ರತ್ನ ಹೋದಳು. ಮೂರು ದಿನದ ಜ್ವರ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ—ಇಲ್ಲ ಎಂದು ಹೇಳುವ ಧೈರ್ಯವೂ ಇಲ್ಲ. ಗೋಡೆಗೆ ಹಾಕಲು ಅವಳ ಫೋಟೋ ಹುಡುಕಿದರೆ ಆ ಮಧ್ಯಾಹ್ನದವು ಬಿಟ್ಟು ಬೇರೊಂದೂ ಇರಲಿಲ್ಲ. ಆ ನೋಟದ ಚಿತ್ರವನ್ನೇ ಹಾಕಿದೆ. ಮನೆಯಲ್ಲಿ ನಾನು ಎಲ್ಲಿ ನಿಂತರೂ ಅವಳು ನನ್ನನ್ನು ನೋಡುವುದಿಲ್ಲ. ನನ್ನ ಹೆಗಲ ಪಕ್ಕದಲ್ಲಿ ಯಾರನ್ನೋ ನೋಡುತ್ತಾಳೆ. ಒಂದೆರಡು ಸಲ ನಾನು ಹಿಂದೆ ತಿರುಗಿ ನೋಡಿದ್ದೇನೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ನೀನು ಬಂದೆ. ಆ ಫೋಟೋದ ಮುಂದೆ ಬಹಳ ಹೊತ್ತು ನಿಂತೆ. ಆಮೇಲೆ ಮೆಲ್ಲಗೆ, “ಅಣ್ಣಾ, ಅಕ್ಕನ ಕಣ್ಣು ನಮ್ಮವ್ವನ್ ಕಣ್ಣಂಗೇ ಅವೆ ಕಣಣ್ಣಾ” ಎಂದೆ.

ನಾನು ಹೌದು, ಹಾಗೆ ಹೋಲುವುದುಂಟು ಎಂದೆ. ಮೊದಲ ಸುಳ್ಳಿಗೆ ನಿನ್ನ ಅಳು ಕಾರಣ ಎಂದುಕೊಳ್ಳಬಹುದಿತ್ತು. ಈ ಎರಡನೆಯದು ಪೂರ್ತಿ ನನ್ನದೇ.

ಕಣ್ಣು ಮುಚ್ಚಿದ ನಿಮ್ಮವ್ವನ ಆ ಫೋಟೋವನ್ನು ಇದ್ದದ್ದು ಇದ್ದಂತೆ ಪ್ರಿಂಟ್ ಮಾಡಿಸಿದ್ದೇನೆ. ಭಾನುವಾರ ಮಾಂಬಳ್ಳಿಗೆ ತಂದು, ಈ ಕಾಗದದ ಜೊತೆ ನಿನ್ನ ಕೈಗೆ ಕೊಡುತ್ತೇನೆ. ಕ್ಷಮಿಸು ಎಂದು ಕೇಳಲು ಅಲ್ಲ. ದಿನಾ ಬೆಳಿಗ್ಗೆ ಯಾರಿಗೆ ಹೂ ಮುಡಿಸುತ್ತಿದ್ದೀಯೋ ಅದು ನಿನಗೆ ಗೊತ್ತಿರಬೇಕು.